ಲಾವಕ್ಕಿಯ ಪಂಜರ

ನವಣೆ ಹೊಟ್ಟಿನ ವಾಸನೆ ಬಂದರೆ ಇಂದಿಗೂ ನಾನು ಕೂತಲ್ಲಿ ಕೂರಲಾರೆ. ಐವತ್ತರ ದಶಕದಲ್ಲಿ ಹರಿಹರದ ಹೊಳೆದಂಡೆಯಲ್ಲಿದ್ದ ನಮ್ಮ ಮನೆಯ ಪಡಸಾಲೆಯ ವಾಸನೆ ಅದು. ತೊಲೆಗೆ ಎರಡು ಬಿದಿರಿನ ಪಂಜರ ತೂಗುತ್ತಿದ್ದವು, ಕೆಳಗೆಲ್ಲ ಹಕ್ಕಿಗಳು ತಿಂದುಳಿಸಿದ ನವಣೆ ಹೊಟ್ಟು. ಒಂದರಲ್ಲಿ ಗೌಜಲಹಕ್ಕಿ, ಇನ್ನೊಂದರಲ್ಲಿ ಲಾವಕ್ಕಿ. ಎರಡೂ ಜೋಳದ ಹೊಲದಲ್ಲಿ ಸಿಕ್ಕ ನೆಲದ ಹಕ್ಕಿಗಳು, ಎರಡಕ್ಕೂ ಒಣಹುಲ್ಲಿನ ಬಣ್ಣ. ಗುಣ ಮಾತ್ರ ಬೇರೆ. ಗೌಜಲಹಕ್ಕಿ ಬೆಳಗಾದರೆ ಕೇರಿಯೆಲ್ಲ ಏಳುವಂತೆ ಕೂಗುತ್ತಿತ್ತು. ಬಾಗಿಲು ತೆಗೆದರೆ ನಾಯಿಮರಿಯಂತೆ ಅಜ್ಜನ ಹಿಂದೆ ಓಡಾಡಿ ತಾನಾಗಿಯೇ ಒಳಗೆ ಹೋಗುತ್ತಿತ್ತು. ಲಾವಕ್ಕಿ ಮುಷ್ಟಿಯಲ್ಲಿ ಅಡಗುವಷ್ಟು ಚಿಕ್ಕದು. ಸದ್ದಿಲ್ಲದೆ ಮೂಲೆಯಲ್ಲಿ ಕುಗ್ಗಿ ಕೂತಿರುತ್ತಿತ್ತು. ಯಾರಾದರೂ ಹತ್ತಿರ ಸುಳಿದರೆ ಸಾಕು, ನೆಟ್ಟಗೆ ಮೇಲಕ್ಕೆ ಚಿಮ್ಮಿ ಬಿದಿರಿಗೆ ತಲೆ ಬಡಿದುಕೊಳ್ಳುತ್ತಿತ್ತು. "ಇದಕ್ಕೆ ಮ್ಯಾಲೆ ಬಟ್ಟಿ ಕಟ್ಬೇಕಪ್ಪ," ಎಂದು ಗೌರತ್ತೆ ಎಷ್ಟು ಸಲ ಹೇಳಿದ್ದಳೋ. "ಎರಡೂ ಒಂದ ಜಾತಿ. ಅದು ಇರಲ್ಲೇನು? ಇದಕ್ಕೂ ರೂಢಿ ಆಗತೈತೆ ಬಿಡು," ಎನ್ನುತ್ತಿದ್ದ ಅಜ್ಜ.

ಗೌರತ್ತೆ ನಮ್ಮಪ್ಪನ ಕಿರಿಯ ತಂಗಿ. ಅವಳನ್ನೂ ಅವಳ ಅಕ್ಕ ನೀಲತ್ತೆಯನ್ನೂ ದಾವಣಗೆರೆಯ ಒಂದೇ ಮನೆಯ ಅಣ್ಣತಮ್ಮಂದಿರಿಗೆ ಕೊಟ್ಟಿದ್ದರು. ನೀಲತ್ತೆ ಜೋರು ಬಾಯಿಯವಳು. ಅಲ್ಲಿ ಜಗಳಾಡಿ, ನಕ್ಕು, ಹೊಂದಿಕೊಂಡಳು. ಗೌರತ್ತೆ ಬಾಯಿ ಬಿಡದೆ ಸೊರಗಿ ತವರಿಗೆ ಬಂದಳು. ಒಂದು ಬೇಸಿಗೆಯಲ್ಲಿ ಗಂಡನ ಮನೆಯಿಂದ ಕರೆ ಬಂದಾಗ ಅವಳು ಪಡಸಾಲೆಯ ಕಂಬ ಹಿಡಿದು ನಿಂತಳು. "ನಾ ಒಲ್ಲೆ ಅಪ್ಪ, ಅಲ್ಲಿ ಉಸುರು ಕಟ್ಟತೈತೆ." "ನಿಮ್ಮಕ್ಕ ಬಾಳ್ವೆ ಮಾಡ್ತಿಲ್ಲೇನು? ನಿಂದೇನು ಬ್ಯಾರೆ?" ಎಂದ ಅಜ್ಜ, ಅವಳನ್ನು ಬಸ್ಸು ಹತ್ತಿಸಿ ಬಂದ.

ಮನೆ ಬಿಕೋ ಎಂದಿತು. ಲಾವಕ್ಕಿ ತಲೆ ಬಡಿದುಕೊಂಡಾಗಲೆಲ್ಲ ಅಜ್ಜ ಉಣ್ಣುವುದನ್ನು ಬಿಟ್ಟು ಎದ್ದು ನಿಲ್ಲುತ್ತಿದ್ದ. ಹೊಲಕ್ಕೆ ಹೊರಟವನು ಅರ್ಧ ದಾರಿಯಿಂದ ತಿರುಗಿ ಬರುತ್ತಿದ್ದ. ಒಂದು ಬೆಳಿಗ್ಗೆ ಹಕ್ಕಿಯ ನೆತ್ತಿಯಲ್ಲಿ ರಕ್ತ ಕಂಡಿತು. ಅಜ್ಜ ತಲೆಯ ರುಮಾಲು ಬಿಚ್ಚಿ ಹರಿದು, ಪಂಜರದ ಮೇಲಿನ ಬಿದಿರು ಕಿತ್ತು, ಅಲ್ಲಿಗೆ ಬಟ್ಟೆ ಬಿಗಿದ. ಹಕ್ಕಿ ಮತ್ತೆ ಚಿಮ್ಮಿತು. ಸದ್ದಾಗಲಿಲ್ಲ. ಅಜ್ಜ ಚಪ್ಪಲಿ ಮೆಟ್ಟಿದ.

"ರುಮಾಲಿಲ್ದ ಎಲ್ಲಿಗೆ ಹೊಂಟ್ರಿ?" ಎಂದಳು ಅಜ್ಜಿ.

"ದಾವಣಗೆರಿಗೆ. ಗೌರಿನ ಕರ್ಕಂಡ್ ಬರ್ತೀನಿ."

ಅಜ್ಜ ಬರಿತಲೆಯಲ್ಲಿ ಹೊಸಿಲು ದಾಟಿದ್ದನ್ನು ನಾನು ಕಂಡದ್ದು ಅದೊಂದೇ ಸಲ. ಬೀಗರ ಮುಂದೆಯೂ ಹಾಗೆಯೇ ನಿಂತನಂತೆ. ಸಂಜೆ ಇಬ್ಬರೂ ಬಂದರು. ಗೌರತ್ತೆ ಮೊದಲು ಪಂಜರದ ಮೇಲಿನ ಬಟ್ಟೆ ಮುಟ್ಟಿ ನೋಡಿದಳು, ಆಮೇಲೆ ಅಜ್ಜನ ತಲೆ ನೋಡಿ ಅತ್ತಳು. ಅವಳು ಕೊನೆಯವರೆಗೂ ನಮ್ಮಲ್ಲೇ ಇದ್ದಳು.

ನಿಮಗೂ ಇಂಥದೊಂದು ಪಡಸಾಲೆ ಇದ್ದಿರಬಹುದು. ನಮ್ಮದು ಈಗಿಲ್ಲ, ಅಜ್ಜನಿಲ್ಲ, ಅತ್ತೆಯೂ ಇಲ್ಲ. ಊರ ಹತ್ತಿರದ ಕೊಂಡಜ್ಜಿ ಗುಡ್ಡದ ಕಡೆ ಹೋದರೆ ಗೌಜಲಹಕ್ಕಿಯ ಕೂಗು ದೂರದಿಂದಲೇ ಕೇಳುತ್ತದೆ, ಮನಸ್ಸು ಚಡಪಡಿಸುತ್ತದೆ. ಲಾವಕ್ಕಿಯ ಸದ್ದು ಕೇಳುವುದಿಲ್ಲ. ಅದು ಕಾಲ ಬುಡದಲ್ಲೇ ಎಲ್ಲೋ ಕುಗ್ಗಿ ಕೂತಿರಬಹುದೆಂದು ನಾನು ನೋಡಿಕೊಂಡು ಹೆಜ್ಜೆ ಇಡುತ್ತೇನೆ.