ಕೊಸರಿನ ಬಳೆ

ಕಳೆದ ತಿಂಗಳು ಕಲಬುರಗಿಯ ಒಂದು ಆಸ್ಪತ್ರೆಯಲ್ಲಿ, ತಪಾಸಣೆಯ ಕೋಣೆಗೆ ಹೋಗುವ ಮುಂಚೆ, ನರ್ಸ್ ಹುಡುಗಿ ಬಳೆ ತೆಗೆಯಲು ಹೇಳಿದಳು. ಬಲಗೈಯವು ಸುಲಭವಾಗಿ ಬಂದವು. ಎಡಗೈಯ ಎರಡು ಗಾಜಿನ ಬಳೆ ಬರಲಿಲ್ಲ. ವಯಸ್ಸಾದಂತೆ ಗೆಣ್ಣುಗಳು ದಪ್ಪವಾಗಿವೆ. ಹುಡುಗಿ ಕೈ ತೊಳೆಯುವಲ್ಲಿದ್ದ ಕೆಂಪು ಸಾಬೂನು ತಂದು ನನ್ನ ಮುಂಗೈಗೆ ಸವರಿದಳು. ಒದ್ದೆ ಗಾಜಿನ ಮೇಲೆ ಆ ಸಾಬೂನಿನ ವಾಸನೆ... ನಾನು ಕಣ್ಣು ಮುಚ್ಚಿಕೊಂಡೆ. ನೋವಾಯಿತೇ ಎಂದು ಅವಳು ಕೇಳಿದಳು. ಇಲ್ಲ ಎಂದೆ. ನನಗೆ ಸೇಡಂನ ನಮ್ಮ ಓಣಿಗೆ ಬರುತ್ತಿದ್ದ ಬಳೆಗಾರ್ತಿ ನೆನಪಾಗಿದ್ದಳು.

ಎಪ್ಪತ್ತರ ದಶಕದ ಮೊದಲ ವರ್ಷಗಳು. ನಾನು ಅಲ್ಲಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಶಿಕ್ಷಕಿಯಾಗಿದ್ದೆ. ಇಪ್ಪತ್ತಾರೋ ಇಪ್ಪತ್ತೇಳೋ ವಯಸ್ಸು. ಗಂಡ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರು. ಮಾವ ಊರಲ್ಲಿ ಹೊಲ ನೋಡಿಕೊಂಡಿದ್ದರು, ಅತ್ತೆ ನಮ್ಮ ಜೊತೆಗಿದ್ದರು. ತಿಂಗಳಿಗೆ ಒಂದೆರಡು ಸಲ, ಬಿಸಿಲು ಇಳಿಯುವ ಹೊತ್ತಿಗೆ, ಆಕೆ ಬಳೆಯ ಸರಗಳ ಮಲಾರವನ್ನು ಹೆಗಲ ಮೇಲೆ ಹೊತ್ತು ಬಂದು ನಮ್ಮ ಮನೆಯ ಕಟ್ಟೆಯ ಮೇಲೆ ಕೂಡುತ್ತಿದ್ದಳು. ಓಣಿಯ ಹೆಂಗಸರೆಲ್ಲ ಅಲ್ಲಿಗೇ ಬರುತ್ತಿದ್ದರು. ಆಕೆಗೆ ಓದು ಬರುತ್ತಿರಲಿಲ್ಲ. ಆದರೆ ಪ್ರತಿಯೊಬ್ಬರ ಕೈಯಳತೆ ಬಾಯಿಪಾಠವಿತ್ತು. ಡಜನ್ ಬಳೆ ಇಟ್ಟಾದ ಮೇಲೆ ದುಡ್ಡಿಲ್ಲದೆ ಇನ್ನೊಂದು ಏರಿಸಿ, ಮುತ್ತೈದೆಯಾಗಿ ಬಾಳು ಎಂದು ಹರಸುತ್ತಿದ್ದಳು. ಅದು ಕೊಸರು. ಕೊಂಡ ಹನ್ನೆರಡಕ್ಕಿಂತ ಆ ಒಂದರ ಮೇಲೆಯೇ ಎಲ್ಲರಿಗೂ ಆಸೆ.

ಒಂದು ವರ್ಷ ಆಕೆ ಎರಡು ಮೂರು ತಿಂಗಳು ಬರಲೇ ಇಲ್ಲ. ಮತ್ತೆ ಬಂದಾಗ ಮಲಾರದ ಜೊತೆ ಒಂದು ಬಿಸ್ಕತ್ತಿನ ಡಬ್ಬಿ ಇತ್ತು, ಮುಚ್ಚಳದಲ್ಲಿ ಸೀಳು. ಅತ್ತೆಗೆ ಹನ್ನೆರಡು ಬಳೆ ಇಟ್ಟಳು. ಹದಿಮೂರನೆಯದನ್ನು ಕೈಯಲ್ಲಿ ಹಿಡಿದು ತೋರಿಸಿ, ವಾಪಸು ಸರಕ್ಕೆ ಸೇರಿಸಿ, ಅದರ ಬೆಲೆಯನ್ನು ತನ್ನ ಸಂಚಿಯಿಂದ ತೆಗೆದು ಡಬ್ಬಿಗೆ ಹಾಕಿದಳು.

"ಇದೇನ ಹೊಸಾ ಆಟ?" ಎಂದರು ಅತ್ತೆ.

"ನಮ್ಮ ತಂಗಿ ಹೆಸರಿಲೆ ಹೈದ್ರಾಬಾದಿನ ದವಾಖಾನಿಗಿ ಕಳಿಸ್ಬೇಕಾಗ್ಯದ್ರಿ, ಅವ್ವಾರ. ಆಕಿಗಿ ಆಗಿತ್ತಲ್ಲ, ಆ ಬ್ಯಾನಿಗಿ ಅಲ್ಲಿ ಔಷಧ ಹುಡುಕ್ಲಿಕತ್ತಾರ."

"ಸತ್ತಾಕಿಗಿ ಮುತ್ತೈದೇರ ಕೊಸರು ಬೇಕೇನ? ಪುಣ್ಯ ನಿಂದು, ಬಳಿ ನಮ್ದು. ಚಲೋ ಅದ ನಿನ್ನ ವ್ಯಾಪಾರ!"

"ಒಂದ ಬಳಿ ಕಮ್ಮಿ ಆದ್ರ ನಿಮ್ಮ ಕೈ ಸಣ್ಣದಾಗ್ತದೇನ್ರಿ? ಹೋದ ವರ್ಷಕ್ಕಿಂತ ದಪ್ಪ ಆಗ್ಯದ. ನನಗ ಗೊತ್ತಿಲ್ಲೇನು?"

ಕಟ್ಟೆಯ ಮೇಲೆ ನಗೆಯೆದ್ದಿತು. ಆದರೆ ಆ ದಿನ ಮೂವರು ಬಳೆ ಇಡಿಸಿಕೊಳ್ಳದೆ ಎದ್ದು ಹೋದರು. ನಾನು ಎಣಿಸಿದ್ದೆ.

ಡಬ್ಬಿ ತುಂಬಿದಾಗ ಆಕೆ ನನ್ನನ್ನು ಹುಡುಕಿಕೊಂಡು ಶಾಲೆಗೆ ಬಂದಳು. ಮನಿಯಾರ್ಡರ್ ಫಾರಂ ಬರೆಯಬೇಕಿತ್ತು. ಮಕ್ಕಳು ಮನೆಗೆ ಹೋಗಿದ್ದರು. ಖಾಲಿ ತರಗತಿಯಲ್ಲಿ ಕೂತು ಆಕೆ ಎಲ್ಲವನ್ನೂ ಹೇಳಿದಳು.

ತಂಗಿಯನ್ನು ಚಿತ್ತಾಪುರಕ್ಕೆ ಕೊಟ್ಟಿದ್ದರು. ಆ ವರ್ಷ ಪಂಚಮಿಗೆ ತವರಿಗೆ ಬಂದಿದ್ದಳು. ಅಕ್ಕ ಬಳೆ ಇಡಲು ಕೂತರೆ ಎಡಗೈಗೆ ಬಳೆ ಏರಲಿಲ್ಲ. ಬಲಗೈಗೆ ಎಂದಿನ ಅಳತೆಯೇ ಸರಿಹೋಗಿತ್ತು. ಆಕೆ ಸಾಬೂನು ಹಚ್ಚಿ, ಗೆಣ್ಣು ಒತ್ತಿ ಏರಿಸಿದಳು. ತಂಗಿ ತುಟಿ ಕಚ್ಚಿಕೊಂಡು ಸುಮ್ಮನಿದ್ದಳು. ತೋಳು ಬಾತಿದ್ದು ಎದೆಯೊಳಗಿನ ಗಂಟಿನಿಂದ. ಅದನ್ನು ಹೇಳಿದ್ದು ಹೈದರಾಬಾದಿನ ಡಾಕ್ಟರು, ದೀಪಾವಳಿ ಕಳೆದ ಮೇಲೆ. ಅಷ್ಟರಲ್ಲಿ ತಡವಾಗಿತ್ತು.

"ಸಾವಿರ ಕೈ ಹಿಡ್ದೀನ್ರಿ ಅಕ್ಕೋರ. ನಮ್ಮ ತಂಗಿ ಕೈ ನನಗ ತಿಳೀಲಿಲ್ಲ."

ಡಾಕ್ಟರು ಆ ಗಂಟಿನ ಒಂದು ತುಣುಕನ್ನು ತೆಗೆದಿಟ್ಟುಕೊಂಡಿದ್ದರಂತೆ. ಯಾತಕ್ಕೆ ಎಂದು ಈಕೆ ಕೇಳಿದಾಗ, ಇದನ್ನು ನೋಡಿ ಕಲಿಯುತ್ತೇವೆ, ಮುಂದೆ ಬರುವವರಿಗೆ ಉಪಯೋಗವಾಗುತ್ತದೆ ಎಂದಿದ್ದರಂತೆ.

"ಅಂದ್ರ ಆಕಿ ಇನ್ನಾ ಅಲ್ಲೇ ದುಡೀಲಿಕತ್ತಾಳ್ರಿ. ತಂಗಿ ಪರ ಊರಾಗ ದುಡಿಯುವಾಗ ಅಕ್ಕ ಆದಾಕಿ ಖರ್ಚಿಗಿ ಕಳಿಸ್ಬೇಕೋ ಬ್ಯಾಡೋ?"

ನಾನು ಪೆನ್ನು ತೆಗೆದೆ. ಆಸ್ಪತ್ರೆಯ ಸಂಶೋಧನೆಯ ಕೆಲಸಕ್ಕೆ ಎಂದು ಬರೆದೆ. ಕಳಿಸುವವರ ಹೆಸರಿನ ಜಾಗದಲ್ಲಿ ತಂಗಿಯ ಹೆಸರನ್ನೇ ಹಾಕಿರಿ ಎಂದಳು. ಹಾಗೆಯೇ ಹಾಕಿ, ವಿಳಾಸಕ್ಕೆ ನಮ್ಮ ಮನೆಯದನ್ನು ಬರೆದೆ. ಬರೆಯುವಾಗ ಎರಡು ಸಲ ತಪ್ಪಿ ಹೊಡೆದುಹಾಕಿದೆ. ಕಾರಣವನ್ನು ಇಲ್ಲಿ ಸ್ಪಷ್ಟವಾಗಿ ಹೇಳಬೇಕು. ಆ ಹೊತ್ತಿಗೆ ನನ್ನ ಎಡ ಎದೆಯಲ್ಲಿ, ಕಂಕುಳಿನ ಕಡೆಗೆ, ಕಡಲೆಕಾಳಿಗಿಂತ ಸ್ವಲ್ಪ ದೊಡ್ಡದಾದ ಒಂದು ಗಂಟು ಇತ್ತು. ಸ್ನಾನ ಮಾಡುವಾಗ ಸಿಕ್ಕಿತ್ತು. ಗಂಡನಿಗೂ ಹೇಳಿರಲಿಲ್ಲ.

ಆಕೆಗೂ ಹೇಳಲಿಲ್ಲ.

ಹಣ ಮುಟ್ಟಿದ ರಸೀದಿ ತಂಗಿಯ ಹೆಸರಿಗೆ ಬಂತು. ಅಂಚೆಯವನು ಓಣಿಯ ತುದಿಯಲ್ಲಿ ನಿಂತು ಆ ಹೆಸರನ್ನು ಗಟ್ಟಿಯಾಗಿ ಕೂಗಿದ. ನಮ್ಮ ಕಟ್ಟೆಯ ಮೇಲೆ ಬಳೆ ಇಡುತ್ತಿದ್ದ ಆಕೆ, "ಇಲ್ಲೇ ಅದಾಳ ಬಾರಪ್ಪಾ" ಎಂದು ಕೈ ಚಾಚಿದಳು. ಹೆಂಗಸರು ಮುಖ ಮುಖ ನೋಡಿಕೊಂಡರು. ಆಮೇಲೆ ಬರುವವರು ಇನ್ನೂ ಕಡಿಮೆಯಾದರು. ಕೆಲವರು ಬಸ್‌ಸ್ಟ್ಯಾಂಡಿನ ಅಂಗಡಿಯಲ್ಲಿ ಬಳೆ ಕೊಳ್ಳತೊಡಗಿದರು. ಆ ರೋಗದ ಹೆಸರು ಬಾಯಲ್ಲಿ ಬಂದರೆ ಮೈಗೂ ಬರುತ್ತದೆ ಎಂಬ ಭಯ. ಅತ್ತೆ ನನಗೂ, ಅಂಥ ಕಾಗದ ಬರೀಬ್ಯಾಡ ಎಂದರು. ನಾನು ಬರೆಯುವುದನ್ನು ಬಿಡಲಿಲ್ಲ. ಧೈರ್ಯದಿಂದಲ್ಲ. ಬರೆದುಕೊಟ್ಟರೆ ನನ್ನದು ಮಾಯವಾಗಬಹುದು ಎಂದು ಒಳಗೆಲ್ಲೋ ಲೆಕ್ಕ ಹಾಕಿದ್ದೆ. ಓದಿದವಳು ನಾನು...

ಯುಗಾದಿಗೆ ಮೊದಲು ಆಕೆ ನನಗೆ ಬಳೆ ಇಡಲು ಕೂತಳು. ಎಡಗೈ ಹಿಡಿದು ತನ್ನ ಕಡೆಗೆ ಎಳೆದಳು. ನಾನು ತೋಳನ್ನು ಪಕ್ಕೆಗೆ ಒತ್ತಿಕೊಂಡೆ. ಇನ್ನೊಮ್ಮೆ ಎಳೆದಳು. ಮತ್ತೆ ಒತ್ತಿಕೊಂಡೆ. ಆಕೆ ಬಳೆ ಕೆಳಗಿಟ್ಟಳು. ಏನಾಗಿದೆ ಎಂದು ಕೇಳಲಿಲ್ಲ.

"ಎಷ್ಟ ದಿನ ಆತ್ರಿ?" ಎಂದಳು, ನನಗಷ್ಟೇ ಕೇಳುವಂತೆ.

"ನಾಲ್ಕ್ ತಿಂಗಳು" ಎಂದೆ.

ಆಕೆ ನನ್ನ ಎರಡೂ ಮುಂಗೈಗಳನ್ನು ಬೆರಳಿನಿಂದ ಅಳೆದಳು. ಎಡದ್ದನ್ನು ಎರಡು ಸಲ. "ಎರಡೂ ಒಂದೇ ಅಳತಿ ಅವ. ಇನ್ನಾ ಯಾಳ್ಯಾ ಅದ, ತಡಾ ಆಗಿಲ್ಲ. ಏಳ್ರಿ." ನಂತರ ಮಲಾರವನ್ನು ಅಲ್ಲೇ ಬಿಟ್ಟು ಒಳಗೆ ಹೋಗಿ ನನ್ನ ಗಂಡನೊಂದಿಗೆ ಮಾತಾಡಿದಳು. ಬಾಗಿಲ ಮರೆಯಲ್ಲಿ ನಿಂತು ಮಾತಾಡುವ ರೂಢಿಯನ್ನು ಆ ದಿನ ಆಕೆ ಪಾಲಿಸಲಿಲ್ಲ.

ಗುಲ್ಬರ್ಗದ ಡಾಕ್ಟರು ಗಂಟು ತೆಗೆಯಬೇಕು, ತೆಗೆದದ್ದನ್ನು ಹೈದರಾಬಾದಿಗೆ ಪರೀಕ್ಷೆಗೆ ಕಳಿಸಬೇಕು ಎಂದರು. ಮೈಮೇಲೆ ಬಳೆ, ಸರ ಏನೂ ಇರಬಾರದು ಎಂದೂ ಹೇಳಿದರು. ಅತ್ತೆ ಅದಕ್ಕೆ ಒಪ್ಪದೆ ಪಟ್ಟು ಹಿಡಿದರು. "ಗಂಡ ಎದುರಿಗಿ ಗಟ್ಟಿಮುಟ್ಟ ಕೂತಾನ. ಮುತ್ತೈದಿ ಕೈ ಬೋಳು ಮಾಡ್ತೀರೇನು?"

ಹೊರಡುವ ದಿನ ಬೆಳಿಗ್ಗೆ ಬಳೆಗಾರ್ತಿ ಬಂದಳು. ಬಿಸಿನೀರು ಕೇಳಿದಳು. ನನ್ನ ಕೈಗಳನ್ನು ಸ್ವಲ್ಪ ಹೊತ್ತು ನೆನೆಯಿಟ್ಟು, ಸಾಬೂನು ಹಚ್ಚಿ, ಒಂದೊಂದೇ ಬಳೆ ಜಾರಿಸಿದಳು. ಒಂದೂ ಒಡೆಯಲಿಲ್ಲ. ಪ್ರತಿ ಕೈಯ ಕೊನೆಯ ಬಳೆ ಹೊರಗೆ ಬರುವ ಮುಂಚೆಯೇ ಮಣಿಕಟ್ಟಿಗೆ ಅರಿಷಿಣದ ದಾರ ಕಟ್ಟಿದ್ದಳು.

"ನೋಡ್ರಿ ಅವ್ವಾರ, ಕೈ ಬೋಳು ಆಗಿಲ್ಲ. ಬಳಿ ನನ್ನ ಹತ್ರ ಒತ್ತಿ ಇಟ್ಕೋತೀನಿ. ಸೊಸಿ ಬಂದು ಬಿಡಿಸ್ಕೊಳ್ತಾಳ."

ಅತ್ತೆ ದಾರವನ್ನು ಮುಟ್ಟಿ ನೋಡಿ ಒಳಗೆ ಹೋದರು. ಆಕೆ ಬಳೆಗಳನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಉಡಿಯಲ್ಲಿ ಕಟ್ಟಿಕೊಂಡಳು. ಆ ಕಟ್ಟನ್ನು ಎರಡು ಸಲ ಬಿಚ್ಚಿ ಮತ್ತೆ ಕಟ್ಟಿದಳು. ಅದನ್ನು ಕಂಡವಳು ನಾನೊಬ್ಬಳೇ.

ವರದಿ ಬರಲು ಹದಿನಾರು ದಿನ ಹಿಡಿಯಿತು. ಆ ದಿನಗಳ ಬಗ್ಗೆ ಬರೆಯಲಾರೆ. ಇಷ್ಟು ಮಾತ್ರ ಹೇಳಬಲ್ಲೆ: ಆಕೆ ದಿನವೂ ಸಂಜೆ ಬಂದು ಕಟ್ಟೆಯ ಮೇಲೆ ಕೂತು, ಏನೂ ಕೇಳದೆ ಎದ್ದು ಹೋಗುತ್ತಿದ್ದಳು.

ಹದಿನೇಳನೆಯ ದಿನ ಗಂಡ ಗುಲ್ಬರ್ಗದಿಂದ ಮಧ್ಯಾಹ್ನದ ಬಸ್ಸಿಗೆ ಬಂದರು. ಓಣಿಯಲ್ಲಿ ನಡೆದು ಬರುವಾಗಲೇ ಅವರ ಮುಖ ನೋಡಿ ನನಗೆ ತಿಳಿಯಿತು. ಅದು ಬರೀ ಗಂಟು. ಕೆಟ್ಟದ್ದಲ್ಲ. ತೆಗೆದಾಗಿದೆ, ಮುಗಿಯಿತು.

ಆಕೆ ಎಂದಿನಂತೆ ಸಂಜೆ ಬಂದಳು. ಅತ್ತೆಯೇ ಎದುರು ಹೋಗಿ, "ಏನೂ ಇಲ್ಲಂತ! ಏನೂ ಇಲ್ಲಂತ ನಮ್ಮವ್ವಾ!" ಎಂದು ಕೂಗಿದರು. ಬಳೆಗಾರ್ತಿ ನಿಂತಲ್ಲೇ, ಓಣಿಯ ನಟ್ಟನಡುವೆ ಕೂತುಬಿಟ್ಟಳು. ಮಲಾರ ನೆಲಕ್ಕೆ ಬಿತ್ತು. ಎಷ್ಟು ಬಳೆ ಹೋದವೋ ಗೊತ್ತಿಲ್ಲ, ಆಕೆ ನೋಡಲಿಲ್ಲ. ಸೆರಗು ಬಾಯಿಗಿಟ್ಟು ಅತ್ತಳು. ಆಕೆ ಅಳುವುದನ್ನು ನಾನು ನೋಡಿದ್ದು ಅದೊಂದೇ ಸಲ. ತಂಗಿಯ ಕಥೆ ಹೇಳುವಾಗಲೂ ಅತ್ತಿರಲಿಲ್ಲ.

ಆಮೇಲೆ ಮುಖ ತೊಳೆದು ಬಂದು ನನ್ನ ಬಳೆಗಳನ್ನು ಒಂದೊಂದಾಗಿ ಮತ್ತೆ ಇಟ್ಟಳು. ಓಣಿಯವರು ಸುತ್ತ ನಿಂತಿದ್ದರು. ಸಂತೋಷಕ್ಕೆ ಕೊಸರು ಬಳೆಯೊಂದನ್ನು ತೆಗೆದು ನನಗೆ ಏರಿಸಲು ಬಂದಾಗ ಅತ್ತೆ ಆಕೆಯ ಕೈ ಹಿಡಿದರು.

"ಅದನ್ನ ಡಬ್ಬಿಗಿ ಹಾಕು."

"ಅವ್ವಾರ, ಇವತ್ತೊಂದಿನ..."

"ಹಾಕಂದ್ರ ಹಾಕು. ನಂದೂ ಹಾಕು. ಮತ್ತ ಈ ಹೊಗಿಬಣ್ಣದ ಬಳಿ ಯಾರಿಗಿ ಬೇಕು? ಮುಂದಿನ ಸಲ ಹಸರು ತರದಿದ್ರ ನಿನ್ನ ಡಬ್ಬಿನೂ ಬ್ಯಾಡ, ನೀನೂ ಬ್ಯಾಡ."

ಎಲ್ಲರೂ ಒಪ್ಪಿದರು ಎಂದು ಬರೆದರೆ ಸುಳ್ಳಾಗುತ್ತದೆ. ಎದುರು ಮನೆಯಾಕೆ ಕೊನೆಯವರೆಗೂ ತನ್ನ ಕೊಸರನ್ನು ಎಣಿಸಿಯೇ ತೆಗೆದುಕೊಂಡಳು. ಆದರೆ ಕಟ್ಟೆ ಮತ್ತೆ ತುಂಬಿತು. ಹೆಂಗಸರು ಬಳೆ ಇಡಿಸಿಕೊಳ್ಳುತ್ತ ಆಕೆಯ ಕಿವಿಯಲ್ಲಿ ಏನೇನೋ ಹೇಳಿಕೊಳ್ಳುವುದನ್ನು ನಾನು ಒಳಗಿನಿಂದ ನೋಡುತ್ತಿದ್ದೆ. ಒಂದಿಬ್ಬರು ಗುಲ್ಬರ್ಗಕ್ಕೆ ಹೋಗಿ ಬಂದರು. ವರ್ಷಕ್ಕೆರಡು ಸಲ ಫಾರಂ ಬರೆದುಕೊಡುತ್ತಿದ್ದೆ. ಆ ನಂತರ ಅದನ್ನು ಬರೆಯುವಾಗ ಒಂದಕ್ಷರವೂ ತಪ್ಪಲಿಲ್ಲ.

ಎಂಬತ್ತರ ಹೊತ್ತಿಗೆ ನನಗೆ ಚಿಂಚೋಳಿಗೆ ವರ್ಗವಾಯಿತು. ಫಾರಂ ಬರೆಯುವ ಕೆಲಸವನ್ನು ಇನ್ನೊಬ್ಬ ಶಿಕ್ಷಕಿಗೆ ಒಪ್ಪಿಸಿ ಬಂದೆ. ಮೊದಮೊದಲು ಹಬ್ಬಕ್ಕೆ ಸೇಡಂಗೆ ಹೋಗುತ್ತಿದ್ದೆ. ಆಮೇಲೆ ಕಡಿಮೆಯಾಯಿತು... ಆಕೆ ತೀರಿಕೊಂಡದ್ದು ನನಗೆ ತಿಳಿದದ್ದೇ ಮೂರು ತಿಂಗಳಾದ ಮೇಲೆ, ಪಕ್ಕದ ಚಂದಾಪುರದ ಸಂತೆಯಲ್ಲಿ ಸಿಕ್ಕ ಹಳೆಯ ವಿದ್ಯಾರ್ಥಿನಿಯೊಬ್ಬಳಿಂದ. ಏನಾಗಿತ್ತು ಎಂದು ಕೇಳಿದೆ. "ವಯಸ್ಸಾಗಿತ್ರಿ ಅಕ್ಕೋರ, ಮಲಗಿದಲ್ಲೇ ಹೋದ್ರು" ಎಂದಳು. ಮೊದಲು ನನಗೆ ಬಂದದ್ದು ಸಮಾಧಾನ, ಆ ರೋಗವಲ್ಲವಲ್ಲ ಎಂದು. ದುಃಖ ಬಂದದ್ದು ಮನೆಗೆ ಬಂದು ಬಾಗಿಲು ಹಾಕಿಕೊಂಡ ಮೇಲೆ.

ಕಳೆದ ತಿಂಗಳ ತಪಾಸಣೆಯ ವರದಿ ಅದೇ ಸಂಜೆ ಕೈಗೆ ಬಂತು. ಡಾಕ್ಟರು ನನ್ನ ಮಗಳಿಗಿಂತ ಚಿಕ್ಕ ವಯಸ್ಸಿನವಳು. ಕಾಗದ ನೋಡಿ, "ಏನೂ ಇಲ್ರಿ ಅಮ್ಮಾ, ಆರಾಮ ಹೋಗಿ ಬರ್ರಿ" ಎಂದಳು. ಹೊರಗೆ ಬಂದು ಮಗಳಿಗೆ ಫೋನು ಮಾಡಿದೆ. ಅವಳು ಉಸಿರು ಬಿಟ್ಟದ್ದು ಕೇಳಿಸಿತು. ಫೋನು ಇಟ್ಟ ಮೇಲೂ ಆಸ್ಪತ್ರೆಯ ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ನಿಂತೇ ಇದ್ದೆ. ಸುದ್ದಿ ಒಳ್ಳೆಯದೇ ಇತ್ತು. ಅದನ್ನು ಇನ್ನೊಬ್ಬರಿಗೆ ಹೇಳುವುದು ಬಾಕಿ ಇದೆ ಎಂದು ಮನಸ್ಸು ಹೇಳುತ್ತಿತ್ತು, ಆ ಇನ್ನೊಬ್ಬರು ಈಗ ಎಲ್ಲೂ ಇರಲಿಲ್ಲ.