ಕಡಲಿನಿಂದ ಬಂದ ಕೋವಿಗಳು

ನಮ್ಮಲ್ಲಿ ಗಂಡು ಮಗು ಹುಟ್ಟಿದರೆ ಅಂಗಳದಲ್ಲಿ ಒಂದು ಗುಂಡು ಹಾರಿಸುತ್ತಾರೆ, ಮನೆಯಲ್ಲಿ ಸಾವಾದರೆ ಎರಡು. ಎರಡು ಗುಂಡಿನ ಸದ್ದು ಕೇಳಿದ ಊರವರು ಕೈಲಿದ್ದ ಕೆಲಸ ಬಿಟ್ಟು ಬರಬೇಕು; ಕರೆಯಲು ಯಾರೂ ಹೋಗುವುದಿಲ್ಲ. ಅಣ್ಣ ಹುಟ್ಟಿದಾಗ ಒಂದು ಹಾರಿತ್ತು. ಅವನ ಪಾಲಿನ ಇನ್ನೆರಡು ಗುಂಡು ವರ್ಷಗಟ್ಟಲೆ ಹಾರದೆ ಉಳಿದವು.

ಅಣ್ಣ ದೊಡ್ಡ ಯುದ್ಧಕ್ಕೆ ಹೋದವನು. ಬಸ್ರಾದ ದಾರಿಯಲ್ಲಿ ಅವನಿದ್ದ ಹಡಗು ಮುಳುಗಿತು, ಅವನು ಕಾಣೆಯಾಗಿದ್ದಾನೆ ಎಂದು ತಂತಿ ಬಂತು. ಸತ್ತ ಎಂದು ಅದರಲ್ಲಿ ಇರಲಿಲ್ಲವಲ್ಲ, ಅಪ್ಪ ಅಷ್ಟನ್ನೇ ಹಿಡಿದುಕೊಂಡರು. "ಹೆಣ ಕಾಣದೆ ನಾನು ಗುಂಡು ಹೊಡೆಯುವುದಿಲ್ಲ" ಎಂದುಬಿಟ್ಟರು. ಗುಂಡು ಹಾರದೆ ಸೂತಕವಿಲ್ಲ, ತಿಥಿಯಿಲ್ಲ. ಅವ್ವ ಅಳುವುದಕ್ಕೂ ಹಿತ್ತಿಲಿಗೆ ಹೋಗುತ್ತಿದ್ದಳು. ಅಪ್ಪನ ಮೇಲೆ ಆಗ ಬಂದ ಸಿಟ್ಟು ನನಗೆ ಇವತ್ತಿಗೂ ಪೂರ್ತಿ ಇಳಿದಿಲ್ಲ.

ಒಂದು ಸಲ ಏಲಕ್ಕಿ ಮಾರಲು ಕಣ್ಣೂರಿಗೆ ಹೋದ ಅಪ್ಪ ಗೋಣಿಯಲ್ಲಿ ಸುತ್ತಿದ ರೈಫಲ್ ತಂದರು. ಅಜ್ಜನ ಕಾಲದಲ್ಲಿ ಅಲ್ಲಿನ ಕಡಲಲ್ಲಿ ಮುಳುಗಿದ್ದ ಯುದ್ಧದ ಹಡಗೊಂದರಿಂದ ಬೆಸ್ತರು ಎತ್ತಿದ್ದಂತೆ. ಮೈತುಂಬ ಚಿಪ್ಪು, ತುಕ್ಕು, ಕೊಳೆತ ಮೀನಿನ ನಾತ. ಆಮೇಲೆ ಹೋದಾಗಲೆಲ್ಲ ಒಂದೊಂದು ಬಂತು. ಅಕ್ಕಿ ಇಡುವ ಕೋಣೆಯಲ್ಲಿ ಕೋವಿ ತುಂಬಿತು. ಕಾಫಿ ಕುಯ್ಲಿನ ಗಡಿಬಿಡಿಯಲ್ಲೂ ಅಪ್ಪ ಜಗಲಿಯಲ್ಲಿ ಕೂತು, ಎಣ್ಣೆ ಹಚ್ಚಿ, ಕತ್ತಿಯ ತುದಿಯಿಂದ ಕೆರೆಯುತ್ತಿದ್ದರು.

"ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ. ಇದೆಲ್ಲ ಎಂತಕ್ಕೆ?" ಎಂದಳು ಅವ್ವ.

"ಇಷ್ಟು ವರ್ಷದ ಮೇಲೆ ಕಬ್ಬಿಣವೇ ಮೇಲೆ ಬಂತಲ್ಲ" ಎಂದರು ಅಪ್ಪ. ಮಗನೂ ಬಂದಾನು ಎಂಬ ಲೆಕ್ಕ ಅದು, ನಮಗೆ ಅರ್ಥವಾಗಿತ್ತು.

ಕೈಲ್‌ಪೊಳ್ದ್ ಹಬ್ಬದ ದಿನ ಮನೆಯ ಕೋವಿಗಳನ್ನು ದೇವರ ಕೋಣೆಯಲ್ಲಿಟ್ಟು, ನಳಿಗೆಗೆ ತೋಕ್‌ಪೂ ಎಂಬ ಕಾಡುಹೂವು ಸಿಕ್ಕಿಸಿ ಪೂಜಿಸುತ್ತೇವೆ. ಆ ವರ್ಷ ಅಪ್ಪ ಕಡಲಿನ ಕೋವಿಗಳನ್ನೂ ಸಾಲಾಗಿ ತಂದಿಟ್ಟರು. ಹೂವಿನ ತಟ್ಟೆ ಹಿಡಿದಿದ್ದ ಅವ್ವ ಅವುಗಳಿಗೆ ಒಂದು ಎಸಳನ್ನೂ ಇಡಲಿಲ್ಲ.

"ಇವನ್ನು ಹಿಡಿದಿದ್ದವರು ಸತ್ತಾಗ ಅಂಗಳದಲ್ಲಿ ಎರಡು ಗುಂಡು ಹೊಡೆದದ್ದು ಯಾರು? ಅವರಿಗೂ ಇಲ್ಲ, ನನ್ನ ಮಗನಿಗೂ ಇಲ್ಲ."

ಹಬ್ಬದೂಟ ಯಾರಿಗೂ ಇಳಿಯಲಿಲ್ಲ.

ಹಬ್ಬ ಕಳೆದು ಸ್ವಲ್ಪ ದಿನಕ್ಕೆ ಅಪ್ಪ ನನ್ನನ್ನು ಜಗಲಿಗೆ ಕರೆದರು. ಕೆರೆಯುತ್ತಿದ್ದ ರೈಫಲಿನ ಹಿಡಿಯಿಂದ ಚಿಪ್ಪಿನ ಹೆಕ್ಕಳೆಯೊಂದು ಎದ್ದು ಬಂದಿತ್ತು. ಅದರಡಿಯ ಮರದಲ್ಲಿ ಯಾರೋ ಸಿಪಾಯಿ ಚಾಕುವಿನಿಂದ ತನ್ನ ಹೆಸರು ಕೆತ್ತಿದ್ದ. ಪಕ್ಕದಲ್ಲಿ ಸೊಟ್ಟ ಕಾಲಿನ ಒಂದು ಕೋಳಿ. ಇಂಗ್ಲಿಷ್ ಅಕ್ಷರಗಳನ್ನು ಕೂಡಿಸಿ ಓದಿ ಹೇಳಿದೆ. ಅಪ್ಪ ಕೋಳಿಯ ಮೇಲೆ ಬೆರಳಾಡಿಸಿದರು.

"ಇವನ ಅಪ್ಪ ಎಷ್ಟು ಕಾಲ ಕಾದನೋ."

"ಕಾದು ಕಾದೇ ಸತ್ತಿರಬೇಕು" ಎಂದೆ. ಬೇಕೆಂದೇ ಅಂದೆ.

ಅಪ್ಪ ಆ ರೈಫಲನ್ನು ಚಾಪೆಯ ಮೇಲೆ ಮೆಲ್ಲಗೆ ಮಲಗಿಸಿ ಒಳಗೆ ಹೋದರು. ಗೋಡೆಯಲ್ಲಿದ್ದ ಮನೆಯ ಕೋವಿ ಹಿಡಿದು ಅಂಗಳಕ್ಕಿಳಿದರು. ಒಂದು ಗುಂಡು ಹಾರಿತು. ಅವ್ವ ಅಡುಗೆಮನೆಯಿಂದ ಓಡಿ ಬಂದಳು. ಎರಡನೆಯದೂ ಹಾರಿತು.

ಗದ್ದೆಯಲ್ಲಿದ್ದವರು ಕೆಸರುಗಾಲಲ್ಲೇ ಬಂದರು. ಅಪ್ಪನನ್ನು, ಅವ್ವನನ್ನು, ನನ್ನನ್ನು ನೋಡಿದರು.

"ಎಲ್ಲ ಇದ್ದೀರಲ್ಲ. ಯಾರು ಹೋದದ್ದು?" ಎಂದರು ಪಕ್ಕದ ಮನೆಯ ಅಜ್ಜ.

"ನನ್ನ ಮಗ" ಎಂದಳು ಅವ್ವ. ಅಂಗಳದ ನಡುವೆ ಕೂತು, ಎಲ್ಲರೆದುರು, ದನಿ ತೆಗೆದು ಅತ್ತಳು.