ಪಕ್ಕಕ್ಕೆ ನೋಡುವ ಅವ್ವ

ಅಂಟವಾಳಕಾಯಿ ನೆನೆಸಿದ ನೀರಿನ ವಾಸನೆ ನಿಮಗೆ ಗೊತ್ತಲ್ಲ? ಇವತ್ತು ಬೆಳಿಗ್ಗೆ ಆ ನೊರೆಯಲ್ಲಿ ಬಂಗಾರದ ನಾಣ್ಯವೊಂದನ್ನು ತೊಳೆಯಲು ಕೂತವಳು ಅರ್ಧಕ್ಕೇ ಎದ್ದು ಬಂದಿದ್ದೇನೆ. ಯಾಕೆಂದು ಹೇಳುತ್ತೇನೆ, ನಗಬೇಡಿ.

ನಾನು ಮೊಲೆ ಕುಡಿಯುವ ಕೂಸಾಗಿದ್ದಾಗಲೇ ಅವ್ವ ಹೋದಳು. ಅವಳದೊಂದು ಫೋಟೊ ಕೂಡ ಇಲ್ಲ. ಅಪ್ಪ ಎರಡನೆಯ ಮದುವೆಯಾಗಿ ಬಸವಕಲ್ಯಾಣದ ಮನೆಗೆ ಕರೆತಂದ ಚಿಗವ್ವನ ಕೊರಳಲ್ಲಿ ಮಾತ್ರ ಅವಳಿದ್ದಳು. ಎರಡನೆಯವಳಾಗಿ ಬಂದವಳು ತೀರಿಹೋದ ಮೊದಲನೆಯವಳ ಮುಖದ ಪದಕ ಕಟ್ಟಿಕೊಳ್ಳಬೇಕು, ಇಲ್ಲದಿದ್ದರೆ ಸತ್ತವಳು ಕಾಡುತ್ತಾಳೆ ಎಂದು ನಮ್ಮಲ್ಲಿ ನಂಬಿಕೆ. ಅಪ್ಪ ಎಲ್ಲಿಂದಲೋ ತಂದುಕೊಟ್ಟ ದುಂಡನೆಯ ಬಂಗಾರದಲ್ಲಿ ನೆತ್ತಿಯ ಮೇಲೆ ತುರುಬು ಕಟ್ಟಿದ ಹೆಣ್ಣಿನ ಮುಖವಿತ್ತು, ದಾರ ಪೋಣಿಸಲು ಎರಡು ತೂತಿದ್ದವು. ಉಣ್ಣುವ ಮೊದಲು ಚಿಗವ್ವ ಅದರ ತುಟಿಗೆ ರೊಟ್ಟಿಯ ಚೂರು ಮುಟ್ಟಿಸುತ್ತಿದ್ದಳು. ಮರೆತ ದಿನ ತುತ್ತು ಗಂಟಲಲ್ಲೇ ನಿಲ್ಲುತ್ತಿತ್ತು. “ನಮ್ಮಕ್ಕ ಹಿಡಕೊಂಡಾಳ,” ಎನ್ನುತ್ತಿದ್ದಳು.

ನಾನು ಅವಳ ತೊಡೆಯ ಮೇಲೆ ಮಲಗಿ ಪದಕವನ್ನೇ ನೋಡುತ್ತಿದ್ದೆ. ನನ್ನ ಈ ಉದ್ದ ಮೂಗು ಅವ್ವನದೇ ಎಂದು ಗೆಳತಿಯರ ಮುಂದೆ ಬೀಗಿದ್ದೂ ಉಂಟು. ಒಂದೇ ಕೊರಗು, ಅವಳು ಸದಾ ಪಕ್ಕಕ್ಕೆ ನೋಡುತ್ತಿದ್ದಳು. “ಈ ಕಡಿ ನೋಡವ್ವಾ,” ಎಂದು ಎಷ್ಟು ಗೋಗರೆದರೂ ತಿರುಗಲಿಲ್ಲ.

ಚಿಗವ್ವ ಮುದುಕಿಯಾಗುವ ಹೊತ್ತಿಗೆ ತೂತು ಸವೆದು ಪದಕ ಕಳಚಿ ಬೀಳತೊಡಗಿತು. ಬೆಸುಗೆಗೆ ಒಯ್ದರೆ ಅಕ್ಕಸಾಲಿಗ ಮುಟ್ಟಲಿಲ್ಲ. ಅಂಚಿನ ಅಕ್ಷರ ನಮ್ಮವಲ್ಲ, ತಿಳಿದವರಿಗೆ ತೋರಿಸಿ ಎಂದ. ಹುಮನಾಬಾದಿನಲ್ಲಿ ಹಳೆಯ ನಾಣ್ಯಗಳ ಹುಚ್ಚಿದ್ದ ಮಾಸ್ತರರೊಬ್ಬರು ಭೂತಗನ್ನಡಿ ಹಿಡಿದು ಅಂಚಿನ ಅಕ್ಷರಗಳನ್ನು ಒಂದೊಂದಾಗಿ ಓದಿದರು.

“ಇದು ನಾಣ್ಯ ಅದರಿ ಅಕ್ಕಾರ, ರೋಮ್ ದೇಶದ್ದು. ಹತ್ತಿರ ಹತ್ತಿರ ಎರಡು ಸಾವಿರ ವರ್ಷ ಆತು. ಈಕಿ ಅಲ್ಲಿ ಬಾದಶಹನ ಹೆಂಡತಿ. ಸತ್ತ ಮ್ಯಾಲ ಗಂಡ ಈಕೀನ ದೇವಿ ಮಾಡಿ ನಾಣ್ಯ ಹೊಡಿಸ್ಯಾನ.”

ಅವರು ಇನ್ನೂ ಏನೇನೋ ಹೇಳಿದರು. ನನಗೆ ಕೇಳಿಸಲಿಲ್ಲ. ನನಗಿದ್ದ ಅವ್ವನ ಮುಖ ಆ ಮೇಜಿನ ಮೇಲೆ ಹೋಗಿಬಿಟ್ಟಿತ್ತು. ಯಾರದೋ ಮೂಗು ಹೊತ್ತು ಅಳುತ್ತ ಬಸ್ಸು ಹತ್ತಿದೆ.

ಹೇಳಲೋ ಬೇಡವೋ ಎಂದು ದಾರಿಯುದ್ದಕ್ಕೂ ಒದ್ದಾಡಿ, ಮನೆ ಮುಟ್ಟಿದೊಡನೆ ಚಿಗವ್ವನಿಗೆ ಎಲ್ಲ ಹೇಳಿಬಿಟ್ಟೆ. ಅವಳು ನಾಣ್ಯವನ್ನು ಅಂಗೈಯಲ್ಲಿ ಹಿಡಿದು ಕೂತಳು.

“ಪಾಪ, ಅಷ್ಟು ದೂರದಿಂದ ಹಸಗೊಂಡು ಬಂದಾಳ. ಅದಕ್ಕ ಗಂಟಲ ಹಿಡೀತಿದ್ಲು,” ಎಂದಳು. ಆಮೇಲೆ ಬಾಗಿಲ ಕಡೆ ನೋಡಿದಳು. “ಹಂಗಾರ ನಿಮ್ಮವ್ವ? ಇಷ್ಟು ವರ್ಷ ಆಕಿ ಉಪಾಸ ಅದಾಳೇನ?”

ಅಂದಿನಿಂದ ನಾಣ್ಯಕ್ಕೊಂದು ತುತ್ತು, ಹೊಸ್ತಿಲ ಮೇಲೆ ಅವ್ವನಿಗೊಂದು ತುತ್ತು. ಚಿಗವ್ವ ಹೋದ ಮೇಲೆ ನಾಣ್ಯ ನನ್ನ ಪೆಟ್ಟಿಗೆಗೆ ಬಂತು. ತೊಳೆದು ಒರೆಸಿಡುತ್ತೇನೆ, ಅಷ್ಟೇ. ನಾಲ್ಕಕ್ಷರ ಕಲಿತವಳು ನೋಡಿ, ಹೊಸ್ತಿಲಿಗೆಲ್ಲ ರೊಟ್ಟಿ ಇಡುತ್ತಾ ಕೂರಲಾದೀತೆ?

ಇವತ್ತು ನೊರೆ ಸಿಡಿದು ಕಣ್ಣುರಿಯಿತು, ಮುಚ್ಚಿಕೊಂಡೆ. ಅವ್ವ ಎಂದುಕೊಂಡಾಗಲೆಲ್ಲ ಬರುವ ಆ ನೆತ್ತಿಯ ತುರುಬೇ ಬರುತ್ತದೆಂದುಕೊಂಡಿದ್ದೆ. ಬಂದ ಮುಖ ಪಕ್ಕಕ್ಕೆ ನೋಡುತ್ತಿರಲಿಲ್ಲ. ನೆಟ್ಟಗೆ ನನ್ನನ್ನೇ ನೋಡುತ್ತಿತ್ತು. ಮೂಗು ಮೊಂಡಾಗಿತ್ತು.

ಹೊಸ್ತಿಲ ಮೇಲೆ ಇಡೀ ರೊಟ್ಟಿ ಇಟ್ಟು ಬಂದಿದ್ದೇನೆ. ಆ ಕಡೆ ನೋಡಲು ಧೈರ್ಯವಾಗುತ್ತಿಲ್ಲ.